ಹೇಗೆ ಹೇಳಲಿ ಮೇಡಂ? ಹರೆಯದ ಮಕ್ಕಳು ಮತ್ತು ಲೈಂಗಿಕ ಶಿಕ್ಷಣ: ಓದುಗರ ಪ್ರಶ್ನೆಗಳು

ಹರೆಯದ ಮಕ್ಕಳ ಜೊತೆ ಲೈಂಗಿಕ ವಿಷಯ ಮಾತಾಡುವುದು ಹೇಗೆ, ನಿಮ್ಮ ಪ್ರಶ್ನೆ ಕಳಿಸಿ ಅಂತ ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು "ದಯವಿಟ್ಟು ಹೆಸರು ಹಾಕಬೇಡಿ" ಅನ್ನುವ ಸಾಲಿನಿಂದಲೇ ಶುರುವಾಗಿವೆ. ಹಾಕಿಲ್ಲ. ಅಪ್ಪ ಅಮ್ಮಂದಿರು ಬರೆದಿದ್ದಾರೆ, ಮಕ್ಕಳೂ ಬರೆದಿದ್ದಾರೆ. ಒಂದೇ ಮನೆಯ ಎರಡು ಕೋಣೆಗಳಲ್ಲಿ ಕೂತು ಇಬ್ಬರೂ ಒಂದೇ ವಿಷಯವನ್ನು ನನಗೆ ಬರೆಯುತ್ತಿದ್ದಾರೇನೋ, ತಮ್ಮತಮ್ಮಲ್ಲಿ ಮಾತ್ರ ಕೇಳಿಕೊಳ್ಳುತ್ತಿಲ್ಲ ಅನ್ನಿಸಿತು. ಜಾಗ ಇದ್ದಷ್ಟಕ್ಕೆ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಮೇಡಂ, ನನ್ನ ಮಗನಿಗೆ 13 ವರ್ಷ. ಅವನ ಸ್ಕೂಲಿನಲ್ಲಿ ಲೈಂಗಿಕ ಶಿಕ್ಷಣದ ತರಗತಿ ಶುರು ಮಾಡುತ್ತಾರಂತೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕಳಿಸಿ ಅಂದಿದ್ದಾರೆ. ಹುಡುಗ ಇನ್ನೂ ಮುಗ್ಧ. ಇದನ್ನೆಲ್ಲ ಹೇಳಿಕೊಟ್ಟರೆ ಇಲ್ಲದ ಕುತೂಹಲ ಹುಟ್ಟಿಸಿದ ಹಾಗೆ ಆಗುವುದಿಲ್ಲವಾ? ನಮ್ಮ ಮನೆಯವರಂತೂ ಸಹಿ ಹಾಕಲೇಬೇಡ ಅನ್ನುತ್ತಿದ್ದಾರೆ.

ಉತ್ತರ: ಸಹಿ ಹಾಕಿ ಅಮ್ಮಾ. ಕುತೂಹಲವನ್ನು ಸ್ಕೂಲು ಹುಟ್ಟಿಸಬೇಕಾಗಿಲ್ಲ, ಅವನ ಮೈಯೇ ಹುಟ್ಟಿಸುತ್ತಿದೆ. ಗಂಡುಮಕ್ಕಳಲ್ಲಿ ಹರೆಯದ ಬದಲಾವಣೆ ಸಾಮಾನ್ಯವಾಗಿ 9ರಿಂದ 14 ವರ್ಷದೊಳಗೆ ಶುರುವಾಗುತ್ತದೆ. ನಿಮ್ಮ ಮಗನ ತರಗತಿಯಲ್ಲಿ ಒಬ್ಬನಿಗೆ ಮೀಸೆ ಮೂಡಿರುತ್ತದೆ, ಇನ್ನೊಬ್ಬನ ದನಿ ಒಡೆದಿರುತ್ತದೆ, ಮತ್ತೊಬ್ಬ ಇನ್ನೂ ಚಿಕ್ಕ ಹುಡುಗನ ಹಾಗೇ ಇದ್ದು ನನಗೆ ಮಾತ್ರ ಏನೋ ಕೊರತೆ ಅಂತ ಒಳಗೊಳಗೇ ಕುಗ್ಗಿರುತ್ತಾನೆ. ಇವರೆಲ್ಲ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಲೇ ಇದ್ದಾರೆ. ಉತ್ತರ ಕೊಡುವವನೂ 13ರ ಹುಡುಗನೇ, ಅಷ್ಟೇ.

ಇನ್ನು ಹೇಳಿಕೊಟ್ಟರೆ ಕೆಡುತ್ತಾರೆ ಅನ್ನುವ ಭಯ. ಈ ಭಯ ನಿಮ್ಮೊಬ್ಬರದ್ದಲ್ಲ, ಎಲ್ಲ ದೇಶಗಳ ಅಪ್ಪ ಅಮ್ಮಂದಿರಿಗೂ ಇದ್ದದ್ದೇ. ಅದಕ್ಕೇ ಇದನ್ನು ಬೇಕಾದಷ್ಟು ಸಲ ಪರೀಕ್ಷಿಸಿ ನೋಡಿದ್ದಾರೆ. ಯುನೆಸ್ಕೊ 2009ರಲ್ಲಿ ಲೈಂಗಿಕ ಶಿಕ್ಷಣಕ್ಕೆ ಒಂದು ಮಾರ್ಗದರ್ಶಿ ಹೊರತಂದು, 2018ರಲ್ಲಿ ಅದನ್ನು ಪರಿಷ್ಕರಿಸಿತು. ಹಲವು ದೇಶಗಳ ಅಧ್ಯಯನಗಳನ್ನು ಜೋಡಿಸಿ ನೋಡಿದಾಗ, ಪಾಠ ಕೇಳಿದ ಮಕ್ಕಳು ಬೇಗ ಲೈಂಗಿಕ ಸಂಬಂಧಕ್ಕೆ ಇಳಿಯುತ್ತಾರೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಕೆಲವು ಕಡೆ ಅದು ಇನ್ನೂ ತಡವಾಯಿತು. "ಮದುವೆವರೆಗೂ ಬೇಡ" ಅಂತಷ್ಟೇ ಹೇಳಿ ಕೈತೊಳೆದುಕೊಂಡ ಪಾಠಗಳು ಆ ಕೆಲಸವನ್ನೂ ಮಾಡಲಿಲ್ಲ. ಸ್ವೀಡನ್ 1955ರಲ್ಲೇ ಶಾಲೆಗಳಲ್ಲಿ ಈ ಪಾಠ ಕಡ್ಡಾಯ ಮಾಡಿತು. ನೆದರ್ಲೆಂಡ್ಸ್ 2012ರಿಂದ ಪ್ರಾಥಮಿಕ ಶಾಲೆಗೂ ತಂದಿತು. ಹದಿಹರೆಯದಲ್ಲಿ ತಾಯಿಯಾಗುವ ಹುಡುಗಿಯರು ತೀರಾ ಕಡಿಮೆ ಇರುವ ದೇಶಗಳ ಸಾಲಿನಲ್ಲೇ ಇವೆರಡೂ ಇವೆ. ಬರೀ ಪಾಠದಿಂದಲೇ ಹಾಗಾಯಿತು ಅಂತ ನಾನು ಹೇಳುವುದಿಲ್ಲ, ಅಲ್ಲಿ ಆಸ್ಪತ್ರೆ, ಸಲಹೆ, ಗರ್ಭನಿರೋಧಕ ಎಲ್ಲವೂ ಸುಲಭವಾಗಿ ಸಿಗುತ್ತವೆ. ಆದರೆ ಹೇಳಿಕೊಟ್ಟು ಮಕ್ಕಳು ಕೆಟ್ಟರು ಅನ್ನುವ ಕಥೆ ಅಲ್ಲಿ ನಡೆದಿಲ್ಲ.

ನಿಮ್ಮ ಮನೆಯವರಿಗೆ ಈ ಅಂಕಿಅಂಶ ಸಾಲದಿದ್ದರೆ ಒಂದು ರಾತ್ರಿಯ ವಿಷಯ ಹೇಳಿ. ಕೆಲವು ವರ್ಷಗಳ ಹಿಂದೆ ನಾನು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಬೆಳಗಿನ ಜಾವ 14ರ ಹುಡುಗನೊಬ್ಬನನ್ನು ಕರೆತಂದರು. ಹೊಟ್ಟೆನೋವು ಅಂದರು. ಹಿಂದಿನ ಸಂಜೆಯೇ ಶುರುವಾಗಿತ್ತಂತೆ, ಗ್ಯಾಸ್ ಇರಬೇಕು ಅಂತ ತಾಯಿ ಮಾತ್ರೆ ಕೊಟ್ಟು ಮಲಗಿಸಿದ್ದರು, ಎರಡು ಸಲ ವಾಂತಿಯೂ ಆಗಿತ್ತು. ಹುಡುಗ ಮೊಣಕಾಲು ಮಡಚಿಕೊಂಡು, ಶರ್ಟಿನ ಅಂಚನ್ನು ಎರಡೂ ಕೈಯಲ್ಲಿ ಕೆಳಕ್ಕೆ ಎಳೆದು ಹಿಡಿದುಕೊಂಡೇ ಮಲಗಿದ್ದ. ಹೊಟ್ಟೆ ಮುಟ್ಟಿದರೆ ಮೆತ್ತಗಿದೆ. ತಾಯಿಯನ್ನು ಸ್ವಲ್ಪ ಹೊರಗೆ ಇರಿ ಅಂತ ಕಳಿಸಿ ಮತ್ತೆ ಕೇಳಿದೆ. ಗೋಡೆ ಕಡೆ ಮುಖ ತಿರುಗಿಸಿ "ಅಲ್ಲಿ" ಅಂದ. ಅಷ್ಟೇ. ಬೀಜಕ್ಕೆ ರಕ್ತ ತರುವ ನಾಳ ತಿರುಚಿಕೊಂಡಿತ್ತು. ಹರೆಯದ ಹುಡುಗರಲ್ಲೇ ಇದು ಜಾಸ್ತಿ. ನೋವು ಶುರುವಾಗಿ ಸುಮಾರು 6 ಗಂಟೆಯೊಳಗೆ ಬಂದು ಆಪರೇಷನ್ ಆದರೆ ಸಾಮಾನ್ಯವಾಗಿ ಬೀಜ ಉಳಿಯುತ್ತದೆ. ಅವನು ಬರುವಷ್ಟರಲ್ಲಿ 11 ಗಂಟೆ ಕಳೆದುಹೋಗಿತ್ತು, ತೆಗೆಯಬೇಕಾಯಿತು. ಇನ್ನೊಂದು ಬೀಜ ಸರಿ ಇದೆ, ಮುಂದೆ ಮಕ್ಕಳಾಗುವುದಕ್ಕೆ ತೊಂದರೆ ಇಲ್ಲ ಅಂತ ಅವನಿಗೂ ಹೇಳಿದೆ, ತಾಯಿಗೂ ಹೇಳಿದೆ. ಆ ತಾಯಿ ಮಾತ್ರ "ಅವನು ನನಗೆ ಯಾಕೆ ಹೇಳಲಿಲ್ಲ, ಯಾಕೆ ಹೇಳಲಿಲ್ಲ" ಅನ್ನುತ್ತಲೇ ಇದ್ದರು. ಯಾಕೆ ಅಂದರೆ ಆ ಜಾಗಕ್ಕೆ ಅವರ ಮನೆಯಲ್ಲಿ ಹೆಸರೇ ಇರಲಿಲ್ಲ. 14 ವರ್ಷ ಯಾರೂ ಆಡದ ಮಾತನ್ನು ಆ ಹುಡುಗ ರಾತ್ರಿ ಏಳು ಗಂಟೆಗೆ ಎಲ್ಲಿಂದ ತರಬೇಕಿತ್ತು?

ಲೈಂಗಿಕ ಶಿಕ್ಷಣ ಅಂದ ತಕ್ಷಣ ಎಲ್ಲರೂ ಸಂಭೋಗದ ಪಾಠ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಮೊದಲು ಮಕ್ಕಳಿಗೆ ಪದ ಕೊಡುವ ಕೆಲಸ. ನೋವಾದರೆ ಎಲ್ಲಿ ಅಂತ ಹೇಳಲಿಕ್ಕೆ, ಯಾರಾದರೂ ಮುಟ್ಟಿದರೆ ಏನಾಯಿತು ಅಂತ ಹೇಳಲಿಕ್ಕೆ, ಬೇಡ ಅನ್ನಿಸಿದಾಗ ಬೇಡ ಅನ್ನಲಿಕ್ಕೆ.

ಪ್ರಶ್ನೆ: ಹೆಂಡತಿ ತೀರಿಕೊಂಡು ಎರಡು ವರ್ಷ ಆಯಿತು. ಮಗಳಿಗೆ ಈಗ 10. ಮುಟ್ಟಿನ ಬಗ್ಗೆ ನಾನೇ ಹೇಳಬೇಕಾ, ಅಕ್ಕನ ಕೈಲಿ ಹೇಳಿಸಿದರೆ ಸಾಕಾ? ಅಪ್ಪನಾಗಿ ಹೇಗೆ ಬಾಯಿ ಬಿಡಲಿ ಅಂತಲೇ ತಿಳಿಯುತ್ತಿಲ್ಲ.

ಉತ್ತರ: ಅಕ್ಕನೂ ಹೇಳಲಿ, ನೀವೂ ಹೇಳಿ. ನೀವು ಹೇಳದಿದ್ದರೆ ಅಪ್ಪನ ಹತ್ತಿರ ಇದನ್ನು ಮಾತಾಡಬಾರದು ಅಂತ ಅವಳು ಕಲಿಯುತ್ತಾಳೆ. ಆಮೇಲೆ ಯಾವತ್ತೋ ರಾತ್ರಿ ಪ್ಯಾಡ್ ಖಾಲಿಯಾದಾಗ, ಹೊಟ್ಟೆನೋವು ಬಂದಾಗ ಬಾಗಿಲು ಹಾಕಿಕೊಂಡು ಒಬ್ಬಳೇ ಅಳುತ್ತಾಳೆ. ಮನೆಯಲ್ಲಿ ಇರುವವರು ನೀವಿಬ್ಬರೇ ಅಲ್ವಾ?

ಸಮಯ ಈಗಲೇ. ಮೊದಲ ಮುಟ್ಟು ಸಾಮಾನ್ಯವಾಗಿ 10ರಿಂದ 15 ವರ್ಷದೊಳಗೆ ಬರುತ್ತದೆ, ಹೆಚ್ಚಿನವರಿಗೆ 12-13ರ ಹೊತ್ತಿಗೆ. ಸ್ತನ ಮೂಡಲು ಶುರುವಾಗಿ ಎರಡರಿಂದ ಮೂರು ವರ್ಷಕ್ಕೆ ಬರುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಅದಕ್ಕೆ ಆರು ತಿಂಗಳಿಂದ ಒಂದು ವರ್ಷ ಮೊದಲು ಸ್ವಲ್ಪ ಬಿಳಿ ಹೋಗುವುದೂ ಉಂಟು. ಅದು ಕಾಯಿಲೆ ಅಲ್ಲ. ವಾಸನೆ, ತುರಿಕೆ ಇದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ.

ದೊಡ್ಡ ಭಾಷಣ ಬೇಡ. ಒಂದು ಪ್ಯಾಕೆಟ್ ಪ್ಯಾಡ್ ತಂದು ಇಬ್ಬರೂ ಕೂತು ಬಿಚ್ಚಿ ನೋಡಿ. ಅಂಟಿನ ಕಾಗದ ತೆಗೆದು ಒಳಉಡುಪಿಗೆ ಹೇಗೆ ಅಂಟಿಸುವುದು ಅಂತ ತೋರಿಸಿ. ಅದರ ಮೇಲೆ ಚಮಚದಲ್ಲಿ ನೀರು ಹಾಕಿ, ಹೇಗೆ ಹೀರಿಕೊಳ್ಳುತ್ತದೆ ಅಂತ ಅವಳೇ ನೋಡಲಿ. ನಾನು ಇದನ್ನು ಎಷ್ಟೋ ಮಕ್ಕಳಿಗೆ ತೋರಿಸಿದ್ದೇನೆ. ಎರಡನೇ ಚಮಚಕ್ಕೆ ಮುಖದ ಬಿಗಿತ ಹೋಗುತ್ತದೆ, ಮೂರನೇ ಚಮಚ ತಾವೇ ಕೇಳಿ ಹಾಕುತ್ತಾರೆ. ಆಗ ಹೇಳಿ: ಪ್ರತಿ ತಿಂಗಳು ಗರ್ಭಕೋಶ ಒಳಗೊಂದು ಮೆತ್ತನೆಯ ಪದರ ಕಟ್ಟಿಕೊಳ್ಳುತ್ತದೆ, ಮಗು ಬರದಿದ್ದರೆ ಆ ಪದರ ಬೇಕಾಗುವುದಿಲ್ಲ, ರಕ್ತದ ಜೊತೆ ಹೊರಗೆ ಬರುತ್ತದೆ. ಮೈಯ ರಕ್ತವೆಲ್ಲ ಹೋಗಿಬಿಡುತ್ತದೆ ಅಂತ ಮಕ್ಕಳು ನಿಜವಾಗಿಯೂ ಹೆದರುತ್ತಾರೆ. ಅಷ್ಟೂ ದಿನ ಸೇರಿ ಹೋಗುವ ರಕ್ತ ಸಾಮಾನ್ಯವಾಗಿ 30-40 ಎಂ.ಎಲ್., ಅಂದರೆ ಎರಡು ಮೂರು ದೊಡ್ಡ ಚಮಚ.

ಸ್ಕೂಲ್ ಬ್ಯಾಗಿನಲ್ಲಿ ಒಂದು ಸಣ್ಣ ಪೌಚ್ ಇಡಿ. ಎರಡು ಪ್ಯಾಡ್, ಒಂದು ಒಳಉಡುಪು, ಒಂದು ಕವರ್. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಮೊದಲ ಒಂದೆರಡು ವರ್ಷ ತಿಂಗಳು ಹಿಂದೆ ಮುಂದೆ ಆಗುವುದು ಮಾಮೂಲಿ, ಈ ವಯಸ್ಸಿನಲ್ಲಿ 21ರಿಂದ 45 ದಿನದ ಅಂತರವೂ ಸರಿಯೇ. ಒಂದೆರಡು ಗಂಟೆಗೇ ಪ್ಯಾಡ್ ತುಂಬುತ್ತಿದ್ದರೆ, ಏಳು ದಿನ ದಾಟಿದರೂ ನಿಲ್ಲದಿದ್ದರೆ, ನೋವಿಗೆ ಸ್ಕೂಲು ತಪ್ಪುತ್ತಿದ್ದರೆ, ಒಮ್ಮೆ ಆಗಿ ಮೂರು ತಿಂಗಳು ಬಾರದಿದ್ದರೆ, 15 ಮುಗಿದರೂ ಆಗದಿದ್ದರೆ ಡಾಕ್ಟರನ್ನು ಕಾಣಿ.

ಹೇಗೆ ಬಾಯಿ ಬಿಡಲಿ ಅಂದಿದ್ದೀರಿ. "ಪುಟ್ಟಾ, ಇದನ್ನು ಹೇಳಲು ಅಪ್ಪನಿಗೆ ಸ್ವಲ್ಪ ಮುಜುಗರ ಆಗುತ್ತಿದೆ, ಆದರೂ ಹೇಳುತ್ತೇನೆ" ಅಂತಲೇ ಶುರು ಮಾಡಿ. ಮುಜುಗರ ಇದ್ದೂ ಮಾತಾಡಬಹುದು ಅಂತ ಅವಳಿಗೂ ಗೊತ್ತಾಗಲಿ.

ಪ್ರಶ್ನೆ: ನನಗೆ 15. ರಾತ್ರಿ ನಿದ್ದೆಯಲ್ಲಿ ಬಟ್ಟೆ ಒದ್ದೆಯಾಗುತ್ತದೆ. ಹಸ್ತಮೈಥುನ ಅಭ್ಯಾಸವೂ ಇದೆ. ಇದರಿಂದ ಶಕ್ತಿಯೆಲ್ಲ ಹೋಗುತ್ತದೆ, ಮುಂದೆ ಮಕ್ಕಳಾಗಲ್ಲ ಅಂತ ಫ್ರೆಂಡ್ಸ್ ಹೇಳುತ್ತಾರೆ. ಒಂದು ಬೀಜ ಇನ್ನೊಂದಕ್ಕಿಂತ ಕೆಳಗಿದೆ. ಎದೆಯೂ ಸ್ವಲ್ಪ ಊದಿದೆ. ನಾನು ಗಂಡಸೇ ಅಲ್ವಾ?

ಉತ್ತರ: ಹೌದು ಮರಿ, ಏನೂ ಅನುಮಾನ ಬೇಡ. ನೀನು ಬರೆದ ನಾಲ್ಕೂ ನಿನ್ನ ವಯಸ್ಸಿನ ಹುಡುಗರಲ್ಲಿ ಮಾಮೂಲಿ. ನಿದ್ದೆಯಲ್ಲಿ ವೀರ್ಯ ಹೋಗುವುದು ಸ್ವಪ್ನಸ್ಖಲನ, ಅದನ್ನು ತಡೆಯುವುದು ನಿನ್ನ ಕೈಯಲ್ಲಿ ಇಲ್ಲ, ತಡೆಯಬೇಕಾಗಿಯೂ ಇಲ್ಲ. ಒಂದು ಸಲ ಹೋಗುವುದು ಹೆಚ್ಚೆಂದರೆ ಒಂದು ಸಣ್ಣ ಚಮಚ. ದೇಹ ದಿನಾ ಕೋಟಿಗಟ್ಟಲೆ ವೀರ್ಯಾಣು ತಯಾರಿಸುತ್ತಲೇ ಇರುತ್ತದೆ, ಕೂಡಿಟ್ಟ ಗಂಟು ಖರ್ಚಾಗುವ ಹಾಗೆ ಅದು ಮುಗಿಯುವುದಿಲ್ಲ. ಹಸ್ತಮೈಥುನದಿಂದ ಶಕ್ತಿ ಹೋಗುವುದಿಲ್ಲ, ಕಣ್ಣು ಮಂಜಾಗುವುದಿಲ್ಲ, ಮೊಡವೆ ಬರುವುದಿಲ್ಲ, ಮಕ್ಕಳಾಗುವುದಕ್ಕೂ ಅಡ್ಡಿ ಇಲ್ಲ. ಓದು, ನಿದ್ದೆ, ಆಟ ಬಿಟ್ಟು ಅದೊಂದೇ ಆಗಿಹೋಗಿದೆ ಅನ್ನಿಸಿದರೆ ಮಾತ್ರ ಒಬ್ಬರ ಹತ್ತಿರ ಮಾತಾಡು. ಒಂದು ಬೀಜ ಕೆಳಗಿರುವುದು ಹೆಚ್ಚು ಕಡಿಮೆ ಎಲ್ಲ ಗಂಡಸರಲ್ಲೂ ಇರುತ್ತದೆ. ಎದೆಯ ಊತ ಹರೆಯದಲ್ಲಿ ಸುಮಾರು ಅರ್ಧದಷ್ಟು ಹುಡುಗರಿಗೆ ಬರುತ್ತದೆ. ಹಾರ್ಮೋನಿನ ಏರುಪೇರು ಅದು, ಹೆಚ್ಚಿನವರಲ್ಲಿ ಆರು ತಿಂಗಳಿಂದ ಎರಡು ವರ್ಷದೊಳಗೆ ತಾನಾಗಿಯೇ ಇಳಿಯುತ್ತದೆ.

ಫೋನಿನಲ್ಲಿ ಕಾಣುವ ಎಣ್ಣೆ, ಮಾತ್ರೆ ಯಾವುದನ್ನೂ ತರಿಸಬೇಡ. ಬೀಜದಲ್ಲಿ ಥಟ್ಟನೆ ಜೋರು ನೋವು ಬಂದರೆ ಮಾತ್ರ, ಮೊದಲ ಉತ್ತರದಲ್ಲಿ ಬರೆದಿದ್ದೇನಲ್ಲ, ರಾತ್ರಿ ಎಷ್ಟೇ ಹೊತ್ತಾಗಿರಲಿ ಮನೆಯವರನ್ನು ಎಬ್ಬಿಸು. "ಬೀಜ ನೋಯುತ್ತಿದೆ" ಅಂತಲೇ ಹೇಳು.

ಪ್ರಶ್ನೆ: ಮೇಡಂ, ನನಗೆ 16. ಪ್ರೀತಿ ಇದ್ದರೆ ಕಳಿಸು ಅಂತ ಒಬ್ಬ ತುಂಬ ಪೀಡಿಸಿದ್ದಕ್ಕೆ ನನ್ನ ಒಂದು ಫೋಟೊ ಕಳಿಸಿದೆ. ಈಗ ಇನ್ನೂ ಬೇಕು, ಇಲ್ಲದಿದ್ದರೆ ಎಲ್ಲರಿಗೂ ಹಂಚುತ್ತೇನೆ ಅನ್ನುತ್ತಿದ್ದಾನೆ. ಮನೆಯಲ್ಲಿ ಗೊತ್ತಾದರೆ ಕೊಂದೇಬಿಡುತ್ತಾರೆ. ಬದುಕೇ ಬೇಡ ಅನ್ನಿಸುತ್ತಿದೆ.

ಉತ್ತರ: ಮಗೂ, ಮೊದಲು ಕೊನೆಯ ಸಾಲಿಗೆ ಉತ್ತರ. ಹಾಗೆ ಅನ್ನಿಸಿದಾಗ ಒಬ್ಬಳೇ ಇರಬೇಡ. ಈಗಲೇ ಎದ್ದು ಹೋಗಿ ಯಾರ ಪಕ್ಕದಲ್ಲಾದರೂ ಕೂತುಕೋ, ಹೀಗನ್ನಿಸುತ್ತಿದೆ ಅಂತ ಅವರಿಗೆ ಹೇಳು. ಇದು ದಾಟಿ ಹೋಗುವ ಕಷ್ಟ. ಇದನ್ನು ದಾಟಿದ ಹುಡುಗಿಯರನ್ನು ನಾನು ನೋಡಿದ್ದೇನೆ. ಹುಡುಗರನ್ನೂ ನೋಡಿದ್ದೇನೆ.

ನೀನು ನಂಬಿದೆ, ಅವನು ಬೆದರಿಸಿದ. ತಪ್ಪು ಅವನದ್ದು. ಇನ್ನೊಂದು ಫೋಟೊ ಕಳಿಸಬೇಡ, ದುಡ್ಡು ಕೇಳಿದರೂ ಕೊಡಬೇಡ. ಕೊಟ್ಟರೆ ಸುಮ್ಮನಾಗುತ್ತಾನೆ ಅನ್ನಿಸುತ್ತದೆ, ಆಗುವುದಿಲ್ಲ, ಮತ್ತೆ ಕೇಳುತ್ತಾನೆ. ಭಯಕ್ಕೆ ಮೆಸೇಜುಗಳನ್ನು ಅಳಿಸಿಬಿಡಬೇಡ. ಅವನ ಬೆದರಿಕೆ, ಹೆಸರು, ನಂಬರು, ತಾರೀಕು ಎಲ್ಲ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದುಕೋ. ಆಮೇಲೆ ಬ್ಲಾಕ್ ಮಾಡು, ಆ ಆ್ಯಪಿನಲ್ಲೇ ರಿಪೋರ್ಟ್ ಮಾಡು. 18 ವರ್ಷದೊಳಗೆ ತೆಗೆದ ಇಂಥ ಫೋಟೊಗಳಿಗೆ ಅಂತಲೇ "ಟೇಕ್ ಇಟ್ ಡೌನ್" ಅನ್ನುವ ಉಚಿತ ಸೇವೆ ಇದೆ, ಹೆಸರು ಹೇಳಬೇಕಾಗಿಲ್ಲ. ಫೋಟೊ ನಿನ್ನ ಫೋನಿನಲ್ಲೇ ಉಳಿಯುತ್ತದೆ. ಅದರ ಬೆರಳಚ್ಚಿನಂಥ ಒಂದು ಸಂಖ್ಯೆ ಮಾತ್ರ ಹೋಗುತ್ತದೆ, ಈ ಸೇವೆಗೆ ಸೇರಿದ ಜಾಲತಾಣಗಳು ಅದನ್ನು ಹಿಡಿದು ಫೋಟೊ ತೆಗೆಯಬಲ್ಲವು.

ಇದನ್ನು ಒಬ್ಬಳೇ ಮಾಡಬೇಡ. ಅಮ್ಮ, ಅಪ್ಪ, ಚಿಕ್ಕಮ್ಮ, ಟೀಚರ್, ನಿನಗೆ ಯಾರು ಹತ್ತಿರವೋ ಅವರಿಗೆ ಈ ಪುಟವನ್ನೇ ತೋರಿಸಿ "ಇದು ನಾನು" ಅನ್ನು. ಪೊಲೀಸರ ಹತ್ತಿರ ಹೋಗುವಾಗಲೂ ದೊಡ್ಡವರು ಜೊತೆಗಿರಲಿ.

ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರಿಗೆ ಒಂದು ಬೇಡಿಕೆ. ನಿಮ್ಮ ಮಗು ಹೀಗೆ ಪುಟ ಹಿಡಿದುಕೊಂಡು ಬಂದರೆ ಬಾಯಿಂದ ಬರುವ ಮೊದಲ ಮಾತು "ನಿನಗೆ ಬುದ್ಧಿ ಇಲ್ವಾ" ಅಂತ ಆಗದಿರಲಿ. "ಹೇಳಿದ್ದು ಒಳ್ಳೆಯದಾಯಿತು" ಅನ್ನಿ. ಕೋಪ ಬಂದೇ ಬರುತ್ತದೆ, ಅದನ್ನು ನಾಳೆಗೆ ಇಟ್ಟುಕೊಳ್ಳಿ.

ಪ್ರಶ್ನೆ: ಹೈಸ್ಕೂಲ್ ವಿಜ್ಞಾನ ಶಿಕ್ಷಕ ನಾನು. ಸಂತಾನೋತ್ಪತ್ತಿಯ ಪಾಠ ಬಂದಾಗ ತರಗತಿಯಲ್ಲಿ ನಗು, ಪಿಸಪಿಸ. ಪ್ರತಿ ವರ್ಷ "ಮನೆಯಲ್ಲಿ ಓದಿಕೊಳ್ಳಿ" ಅಂದು ಮುಂದೆ ಹೋಗಿಬಿಡುತ್ತೇನೆ. ತಪ್ಪು ಅಂತ ಗೊತ್ತು.

ಉತ್ತರ: ಮೇಷ್ಟ್ರೇ, ಈ ವರ್ಷ ಹಾರಿಸಬೇಡಿ. ನಗಲಿ ಬಿಡಿ. ಅದು ಮುಜುಗರದ ನಗು, ಐದು ನಿಮಿಷ ಇರುತ್ತದೆ. ನೀವು ಬೋರ್ಡಿನ ಮೇಲೆ ಶಿಶ್ನ, ವೃಷಣ, ಯೋನಿ, ಗರ್ಭಕೋಶ ಅಂತ ದೊಡ್ಡದಾಗಿ ಬರೆದು, ಮೂಗು ಕಿವಿ ಅಂದಷ್ಟೇ ಸಲೀಸಾಗಿ ಓದಿ. ಹುಡುಗ ಹುಡುಗಿಯರನ್ನು ಬೇರೆ ಮಾಡಬೇಡಿ, ಮುಟ್ಟಿನ ಬಗ್ಗೆ ಹುಡುಗರೂ ಕೇಳಬೇಕು. ಒಂದು ಮುಚ್ಚಿದ ಡಬ್ಬಿ ಇಡಿ. ಎಲ್ಲರೂ ಒಂದೊಂದು ಚೀಟಿ ಹಾಕಲೇಬೇಕು, ಪ್ರಶ್ನೆ ಇಲ್ಲದವರು "ಪ್ರಶ್ನೆ ಇಲ್ಲ" ಅಂತ ಬರೆದು ಹಾಕಲಿ, ಆಗ ಯಾರು ಕೇಳಿದರು ಅಂತ ಗೊತ್ತಾಗುವುದಿಲ್ಲ. ಉತ್ತರ ಗೊತ್ತಿಲ್ಲದಿದ್ದರೆ "ನಾಳೆ ತಿಳಿದುಕೊಂಡು ಬಂದು ಹೇಳುತ್ತೇನೆ" ಅನ್ನಿ. ಮಕ್ಕಳಿಗೆ ಅದು ಇಷ್ಟವಾಗುತ್ತದೆ.

ಒಪ್ಪಿಗೆ ಅಂದರೆ ಏನು ಅಂತ ಒಂದು ಪೆನ್ನಿನಲ್ಲಿ ಹೇಳಿಕೊಡಬಹುದು. ಮುಂದಿನ ಬೆಂಚಿನವನ ಪೆನ್ ಕೇಳಿ ತೆಗೆದುಕೊಳ್ಳಿ, ವಾಪಸ್ ಕೊಡಿ. ಆಮೇಲೆ ಕೇಳದೆ ಎತ್ತಿಕೊಳ್ಳಿ. "ನಿನ್ನೆ ಕೊಟ್ಟಿದ್ದೆಯಲ್ಲ, ಇವತ್ತು ಕೇಳಬೇಕಾ? ನೀನು ಸುಮ್ಮನಿದ್ದೆ, ಅಂದರೆ ಸರಿ ಅಂತ ತಾನೆ? ಹತ್ತು ಸಲ ಪೀಡಿಸಿದ ಮೇಲೆ ಕೊಟ್ಟರೆ ಅದು ಕೊಟ್ಟ ಹಾಗಾ?" ಅಂತ ಕೇಳುತ್ತಾ ಹೋಗಿ. ಆ ಮಕ್ಕಳು ಜಗಳಕ್ಕೇ ಬರುತ್ತಾರೆ. ಬರಲಿ. ಅದನ್ನೇ ಮೈಗೆ ಅನ್ವಯಿಸಿ ಹೇಳಿ.

ಒಂದು ಎಚ್ಚರಿಕೆ. ಆ ಡಬ್ಬಿಯಿಂದ ಒಂದು ದಿನ "ನಮ್ಮ ಮನೆಗೆ ಬರುವ ಒಬ್ಬರು..." ಅಂತ ಚೀಟಿ ಬರಬಹುದು. ಮಕ್ಕಳ ಮೇಲೆ ದೌರ್ಜನ್ಯ ಮಾಡುವವರಲ್ಲಿ ಹೆಚ್ಚಿನವರು ಗುರುತಿನವರೇ. ಅದನ್ನು ತರಗತಿಯಲ್ಲಿ ಓದಬೇಡಿ. ಮಗು ನಿಮ್ಮ ಹತ್ತಿರ ಬಂದರೆ ಪೂರ್ತಿ ಕೇಳಿ, ನಂಬುತ್ತೇನೆ ಅನ್ನಿ, ಕೆದಕಿ ಕೆದಕಿ ವಿಚಾರಣೆ ಮಾಡಬೇಡಿ. ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಡಬೇಡಿ, ಯಾಕೆಂದರೆ ಹೇಳಲೇಬೇಕಾಗುತ್ತದೆ. ಮಕ್ಕಳ ರಕ್ಷಣೆಯ ಹೊಣೆ ಇರುವವರಿಗೆ ಅವತ್ತೇ ತಿಳಿಸಿ.

ಪ್ರಶ್ನೆ: ಮೊದಲ ಸಲಕ್ಕೆ ಗರ್ಭ ನಿಲ್ಲುವುದಿಲ್ಲ ಅನ್ನುತ್ತಾರೆ, ನಿಜವಾ? ರಕ್ತ ಬರದಿದ್ದರೆ ಕನ್ಯೆ ಅಲ್ಲ ಅನ್ನುವುದೂ ನಿಜವಾ? ವಯಸ್ಸು 18.

ಉತ್ತರ: ಎರಡೂ ಸುಳ್ಳು. ಮೊದಲ ಸಲವೂ ನಿಲ್ಲಬಹುದು. ವೀರ್ಯಾಣು ಹೆಣ್ಣಿನ ದೇಹದಲ್ಲಿ 5 ದಿನದವರೆಗೂ ಬದುಕಬಲ್ಲದು, ಹಾಗಾಗಿ "ಸೇಫ್ ದಿನ" ಅನ್ನುವ ಲೆಕ್ಕವನ್ನು ನಂಬಿ ಕೂರಬೇಡಿ. ಕಾಂಡೋಮ್ ಗರ್ಭವನ್ನೂ ತಡೆಯುತ್ತದೆ, ಎಚ್‌ಐವಿಯಂಥ ಸೋಂಕನ್ನೂ ತಡೆಯುತ್ತದೆ. ಏನಾದರೂ ತಪ್ಪಿದರೆ ಸಾಮಾನ್ಯ ತುರ್ತು ಗರ್ಭನಿರೋಧಕ ಮಾತ್ರೆಯನ್ನು 72 ಗಂಟೆಯೊಳಗೆ ತೆಗೆದುಕೊಳ್ಳಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಎಚ್‌ಐವಿ ಭಯವಿದ್ದರೆ ಅದಕ್ಕೂ ತಡೆಯುವ ಔಷಧಿ ಇದೆ, ಅದನ್ನೂ 72 ಗಂಟೆಯೊಳಗೆ ಶುರು ಮಾಡಬೇಕು. ಕನ್ಯಾಪೊರೆ ಒಬ್ಬೊಬ್ಬರಲ್ಲಿ ಒಂದೊಂದು ಥರ ಇರುತ್ತದೆ, ಅದನ್ನು ನೋಡಿ ಯಾರೂ ಏನನ್ನೂ ಹೇಳಲಾರರು. ಕನ್ಯತ್ವ ಪರೀಕ್ಷೆಯನ್ನೇ ನಿಲ್ಲಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಸಂಸ್ಥೆಗಳು 2018ರಲ್ಲಿ ಹೇಳಿವೆ. ಮನೆಯಲ್ಲಿ 9ರಿಂದ 14ರ ತಂಗಿ ಇದ್ದರೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಬಗ್ಗೆ ಡಾಕ್ಟರನ್ನು ಕೇಳಿ, ಅದಕ್ಕೆ ಸರಿಯಾದ ವಯಸ್ಸು ಅದೇ.

ಪ್ರಶ್ನೆ: 14ರ ಮಗನ ಫೋನಿನಲ್ಲಿ ಅಶ್ಲೀಲ ವಿಡಿಯೊ ನೋಡಿದೆ. ಫೋನ್ ಕಸಿದುಕೊಂಡು ಹೊಡೆದೆ. ಮೂರು ದಿನದಿಂದ ಅವನು ಮಾತೇ ಆಡುತ್ತಿಲ್ಲ.

ಉತ್ತರ: ಹೊಡೆದಿದ್ದಕ್ಕೆ ಸಾರಿ ಕೇಳಿ ಅಮ್ಮಾ. ವಿಡಿಯೊ ವಿಷಯ ಅದಾದ ಮೇಲೆ. ಫೋನ್ ಕಸಿದರೆ ಗೆಳೆಯನ ಫೋನಿನಲ್ಲಿ ನೋಡುತ್ತಾನೆ. ಅವನಿಗೆ ತಿಳಿಯಬೇಕಾದದ್ದು, ಅದು ದುಡ್ಡಿಗಾಗಿ ನಟಿಸಿ, ಕತ್ತರಿಸಿ ಜೋಡಿಸಿದ ದೃಶ್ಯ ಅನ್ನುವುದು. ಅಲ್ಲಿ ಯಾರೂ ಯಾರನ್ನೂ "ನಿನಗೆ ಇಷ್ಟವಾ" ಅಂತ ಕೇಳುವುದಿಲ್ಲ, ನೋವಾದರೆ ನಿಲ್ಲಿಸುವುದಿಲ್ಲ. ಆ ಮೈಗಳನ್ನು ಆರಿಸಿ ತಂದಿರುತ್ತಾರೆ, ಅದಕ್ಕೆ ಹೋಲಿಸಿಕೊಂಡು ಹುಡುಗರು ತಮ್ಮ ಮೈ ಬಗ್ಗೆಯೇ ಕೀಳರಿಮೆ ಬೆಳೆಸಿಕೊಳ್ಳುತ್ತಾರೆ. ಮುಖ ನೋಡಿ ಮಾತಾಡಲು ಅವನಿಗೆ ಕಷ್ಟ. ಜೊತೆಯಲ್ಲಿ ನಡೆದುಕೊಂಡು ಹೋಗುವಾಗ, ಪಾತ್ರೆ ತೊಳೆಯುವಾಗ ಹೇಳಿ. ನಿದ್ದೆ, ಓದು, ಗೆಳೆಯರು ಎಲ್ಲ ಬಿಟ್ಟು ಅದರಲ್ಲೇ ಮುಳುಗಿದ್ದರೆ ಆಪ್ತಸಮಾಲೋಚಕರ ಹತ್ತಿರ ಕರೆದುಕೊಂಡು ಹೋಗಿ.

ಪ್ರಶ್ನೆ: ನನ್ನ ಮಗಳಿಗೆ 14, ಬುದ್ಧಿ ಬೆಳವಣಿಗೆ ಕಡಿಮೆ. ಅವಳಿಗೆ ಇದೆಲ್ಲ ಹೇಳಿ ಏನು ಪ್ರಯೋಜನ ಅಂತ ಎಲ್ಲರೂ ಕೇಳುತ್ತಾರೆ.

ಉತ್ತರ: ಎಲ್ಲರಿಗಿಂತ ಜಾಸ್ತಿ ಅವಳಿಗೇ ಬೇಕು. ಹೇಳಿಕೊಳ್ಳಲು ಬಾರದ ಮಕ್ಕಳನ್ನೇ ಕೆಟ್ಟವರು ಹುಡುಕುತ್ತಾರೆ. ಗೊಂಬೆ, ಚಿತ್ರ ಇಟ್ಟುಕೊಂಡು ಚಿಕ್ಕ ಚಿಕ್ಕ ಮಾತಿನಲ್ಲಿ ದಿನಾ ಹೇಳಿ. ಪ್ಯಾಡ್ ಬದಲಿಸುವುದನ್ನು ಮುಟ್ಟು ಇಲ್ಲದ ದಿನಗಳಲ್ಲೂ ಅಭ್ಯಾಸ ಮಾಡಿಸಿ, ಕಲಿಯುತ್ತಾಳೆ. ಬಾಗಿಲು ಹಾಕಿ ಬಟ್ಟೆ ಬದಲಿಸುವುದು, ಯಾರ ಮಡಿಲಲ್ಲೂ ಕೂರದಿರುವುದು, ಜೋರಾಗಿ "ಬೇಡ" ಅನ್ನುವುದು, ಇವನ್ನು ಆಟದ ಥರ ಆಡಿಸಿ. ಅವಳು ಬೇಡ ಅಂದಾಗ ಮನೆಯವರೂ ನಿಲ್ಲಬೇಕು, ಮುದ್ದಿಗೆ ಅಪ್ಪಿಕೊಳ್ಳುವಾಗಲೂ. ಅವಳಿಗೆ ಸ್ನಾನ ಮಾಡಿಸುವವರು ನೀವೇ ಆಗಿದ್ದರೂ, ಪ್ರತಿ ಸಲ "ಈಗ ಇಲ್ಲಿ ಸೋಪು ಹಚ್ಚಲಾ?" ಅಂತ ಕೇಳಿ, ಅವಳು ಹೂಂ ಅಂದ ಮೇಲೆ ಮುಟ್ಟಿ.